ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಬೆಳೆಸೋದು ಹೇಗೆ? ನೋಟ್‌ಬುಕ್‌ನಿಂದ ಪೇಟೆಂಟ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಸಂಶೋಧನಾ ಘಟಕದ ಹೊಣೆ ನಿಮ್ಮ ಹೆಗಲಿಗೆ ಬಂದಿದೆ. ಕೈಯಲ್ಲಿ ದುಡ್ಡು ಕಡಿಮೆ. ಅರ್ಧ ಹುದ್ದೆಗಳು ಖಾಲಿ. ಅತಿಥಿ ಉಪನ್ಯಾಸಕರಿಗೆ ಪಾಠ ಮುಗಿಸುವುದರಲ್ಲೇ ದಿನ ಕಳೆಯುತ್ತದೆ. ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ದಿನ ಹತ್ತಿರವಾಗುತ್ತಿದೆ. ಎಲ್ಲಿಂದ ಶುರು ಮಾಡೋದು?

ಕರ್ನಾಟಕದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಹಲವು ವರ್ಷ ನಾನು ಇದೇ ಕೆಲಸದಲ್ಲಿ ಓಡಾಡಿದ್ದೇನೆ. ಸಂಶೋಧನೆ ಬೆಳೆಯುವುದು ವಾರವಾರ ತಪ್ಪದೆ ಮಾಡುವ ಸಣ್ಣ ಕೆಲಸಗಳಿಂದ ಅನ್ನುವುದು ನಾನು ಅಲ್ಲಿ ಕಲಿತ ಪಾಠ. ನೈತಿಕತೆಯೂ ಹಾಗೇ. ಥೀಸಿಸ್ ಸಲ್ಲಿಸುವ ಹಿಂದಿನ ದಿನ ಸಾಫ್ಟ್‌ವೇರ್‌ಗೆ ಹಾಕಿ ನಕಲಿನ ಪರ್ಸೆಂಟ್ ನೋಡಿದರೆ ಅದು ಬರುವುದಿಲ್ಲ. ಮೊದಲ ದಿನ ನೋಟ್‌ಬುಕ್‌ನಲ್ಲಿ ತಾರೀಖು ಹಾಕುವಾಗಲೇ ಅದು ಶುರುವಾಗಬೇಕು.

ಮೊದಲು ಕ್ಯಾಂಪಸ್ಸಿಗೆ ಒಂದು ಸುತ್ತು ಹಾಕಿ

ಹೊಸ ಸಮಿತಿ, ಹೊಸ ಒಡಂಬಡಿಕೆ ಎಲ್ಲ ಆಮೇಲೆ. ಮೊದಲ ತಿಂಗಳು ಒಂದೊಂದು ವಿಭಾಗಕ್ಕೂ ಹೋಗಿ, ಕೂತು ಮಾತಾಡಿ. ಯಾರ ಬಳಿ ಎಷ್ಟು ಸ್ಕಾಲರ್‌ಗಳು, ಅಂದರೆ ಪಿಎಚ್.ಡಿ. ವಿದ್ಯಾರ್ಥಿಗಳು, ಇದ್ದಾರೆ? ಯಾರ ಕೆಲಸ ಯಾಕೆ ನಿಂತಿದೆ? ಯಾವ ಯಂತ್ರ ಇನ್ನೂ ಡಬ್ಬದಿಂದ ಹೊರಗೇ ಬಂದಿಲ್ಲ? ನಾನು ಹೀಗೆ ಸುತ್ತುವಾಗ ಒಂದು ಸ್ಪೆಕ್ಟ್ರೋಫೋಟೋಮೀಟರ್ ಬಲ್ಬ್ ಸುಟ್ಟು ಎರಡು ವರ್ಷದಿಂದ ಸುಮ್ನೆ ಕೂತಿತ್ತು. ಬಲ್ಬ್ ತರಿಸಿದ ವಾರವೇ ಮೂವರು ಸ್ಕಾಲರ್‌ಗಳ ಕೆಲಸ ಮುಂದೆ ಸಾಗಿತು.

ಯಂತ್ರಗಳ ಪಟ್ಟಿ ಮಾಡಿ ಎಲ್ಲ ವಿಭಾಗಗಳಿಗೂ ಹಂಚಿ. ಸಸ್ಯಶಾಸ್ತ್ರದವರ ಮೈಕ್ರೋಸ್ಕೋಪ್ ಪ್ರಾಣಿಶಾಸ್ತ್ರದವರಿಗೂ ಸಿಗಬೇಕು, ಅದಕ್ಕೊಂದು ಬುಕಿಂಗ್ ರಿಜಿಸ್ಟರ್ ಸಾಕು. ಹಾಗೇ ಗ್ರಂಥಪಾಲಕರನ್ನು ಕಂಡು 'ಒನ್ ನೇಶನ್ ಒನ್ ಸಬ್‌ಸ್ಕ್ರಿಪ್ಷನ್' ನಮ್ಮಲ್ಲಿ ಚಾಲೂ ಇದೆಯಾ ಕೇಳಿ. ಕೇಂದ್ರ ಸರ್ಕಾರದ ಈ ಯೋಜನೆ 2025ರ ಜನವರಿಯಲ್ಲಿ ಶುರುವಾಯಿತು. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಇದರಿಂದ ಸರ್ಕಾರಿ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳಿಗೆ ತೆರೆದುಕೊಂಡಿವೆ. ಒಂದು ಲೇಖನ ಓದಲು ಬೆಂಗಳೂರಿಗೆ ಬಸ್ಸು ಹತ್ತುತ್ತಿದ್ದವರಿಗೆ ಇದು ದೊಡ್ಡ ವಿಷಯ. ಲಾಗಿನ್ ಆಗುವುದು ಹೇಗೆ ಅಂತ ಸ್ಕಾಲರ್‌ಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಸುತ್ತೋಲೆ ಕಳಿಸಿದರೆ ಸಾಲದು.

ಪ್ರಶ್ನೆ ಹುಡುಕಲು ಸಮಯ ಕೊಡಿ

'ಟಾಪಿಕ್ ಕೊಡಿ ಸರ್' ಅಂತ ಬರುವ ಸ್ಕಾಲರ್‌ಗೆ ತಕ್ಷಣ ಟಾಪಿಕ್ ಕೊಡಬೇಡಿ. ಎರಡು ತಿಂಗಳು ಓದಲಿ, ಊರು ಸುತ್ತಲಿ.

ನಮ್ಮ ನಾಡಿನ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯ ಅವರನ್ನೇ ನೋಡಿ. ರಾಗಿ ನಮ್ಮ ಹಳೇ ಮೈಸೂರಿನ ಊಟ. ಆದರೆ ಇಳುವರಿ ಕಡಿಮೆ. ರಾಗಿಯ ಹೂವು ತೀರಾ ಸಣ್ಣದು, ತನ್ನ ಪರಾಗವನ್ನೇ ತಾನು ಪಡೆಯುವಂಥದ್ದು. ಎರಡು ತಳಿ ಕೂಡಿಸುವುದು ಕಣ್ಣಿಗೂ ಕೈಗೂ ಕಷ್ಟದ ಕೆಲಸ. ಅವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿ ಹೊಸ ತಳಿಗಳನ್ನು ಕೊಟ್ಟರು. 'ಇಂಡಾಫ್' ಅನ್ನುವ ಹೆಸರಿನಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ. ಪ್ರಶ್ನೆ ಹೊಲದಿಂದ ಬಂತು, ಉತ್ತರವೂ ಹೊಲಕ್ಕೇ ವಾಪಸ್ ಹೋಯಿತು. ನಿಮ್ಮ ಸುತ್ತ ಇರುವ ಪ್ರಶ್ನೆಗಳೂ ಸಣ್ಣವಲ್ಲ. ಕೋಲಾರದ ನೀರಿನ ಫ್ಲೋರೈಡ್, ಮಲೆನಾಡಿನ ಮಂಗನ ಕಾಯಿಲೆ, ರಾಮನಗರದ ರೇಷ್ಮೆ ಗೂಡು, ಇಳಕಲ್ ಮಗ್ಗದ ಮುಂದೆ ಕೂತವರ ಬೆನ್ನುನೋವು.

ಪ್ರಶ್ನೆ ಸಿಕ್ಕ ಮೇಲೆ ಶೋಧಗಂಗಾದಲ್ಲಿ ಹುಡುಕಿಸಿ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ದೇಶದ ಪಿಎಚ್.ಡಿ. ಥೀಸಿಸ್‌ಗಳು ಪೂರ್ತಿ ಸಿಗುತ್ತವೆ. ಶೋಧಗಂಗೋತ್ರಿಯಲ್ಲಿ ಇನ್ನೂ ನಡೆಯುತ್ತಿರುವ ಕೆಲಸಗಳ ಸಿನಾಪ್ಸಿಸ್‌ಗಳು, ಅಂದರೆ ಸಂಶೋಧನೆಯ ರೂಪುರೇಷೆಗಳು, ಇವೆ. ಊರಿನ ಹೆಸರು ಬದಲಿಸಿ ಅದೇ ಅಧ್ಯಯನ ಮತ್ತೆ ಮಾಡುವುದು ಈ ಹಂತದಲ್ಲೇ ತಪ್ಪುತ್ತದೆ.

ಗೈಡ್ ಮತ್ತು ಸ್ಕಾಲರ್: ಮಾತನ್ನು ಕಾಗದದ ಮೇಲೆ ತನ್ನಿ

2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಿಎಚ್.ಡಿ. ನಿಯಮಗಳ ಪ್ರಕಾರ ಒಬ್ಬ ಪ್ರೊಫೆಸರ್ ಒಂದು ಸಮಯಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಸ್ಕಾಲರ್‌ಗಳಿಗೆ ಗೈಡ್ ಆಗಬಹುದು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಸ್ಕಾಲರ್ ತನ್ನ ಕೆಲಸ ತೋರಿಸಬೇಕು. ಇಷ್ಟನ್ನು ಸರಿಯಾಗಿ ನಡೆಸಿದರೇ ಅರ್ಧ ತೊಂದರೆ ಕಡಿಮೆಯಾಗುತ್ತದೆ. ಸಮಿತಿ ಸೇರದೆ ಹಾಳೆಗೆ ಸಹಿ ಹಾಕಿಸಿಕೊಂಡು ಬರುವ ಅಭ್ಯಾಸ ಕೆಲವು ಕಡೆ ಇದೆ. ಅದನ್ನು ಮೊದಲು ನಿಲ್ಲಿಸಿ. ಸಭೆಯ ದಿನ ಮೊದಲೇ ಗೊತ್ತುಮಾಡಿ, ಬೇರೆ ವಿಭಾಗದ ಸ್ಕಾಲರ್‌ಗಳೂ ಬಂದು ಕೇಳಲಿ.

ನಿಯಮದಲ್ಲಿಲ್ಲದ ಒಂದು ಕೆಲಸವನ್ನೂ ಮಾಡಿ. ಸೇರಿದ ಮೊದಲ ತಿಂಗಳಲ್ಲೇ ಗೈಡ್ ಮತ್ತು ಸ್ಕಾಲರ್ ಒಂದು ಪುಟದ ಒಪ್ಪಂದ ಬರೆದುಕೊಳ್ಳಲಿ. ವಾರಕ್ಕೆ ಎಷ್ಟು ಸಲ ಭೇಟಿ, ಅಧ್ಯಾಯ ಕೊಟ್ಟರೆ ಎಷ್ಟು ದಿನದಲ್ಲಿ ನೋಡಿ ಕೊಡಬೇಕು, ಪೇಪರ್‌ನಲ್ಲಿ ಯಾರ ಹೆಸರು ಯಾವ ಕ್ರಮದಲ್ಲಿ ಬರುತ್ತದೆ ಅಂತ ಅದರಲ್ಲಿರಲಿ. ಪ್ರಯೋಗ ಮಾಡಿದವರು ಅಥವಾ ರೂಪಿಸಿದವರು, ಬರವಣಿಗೆಯಲ್ಲಿ ಕೈಯಿಟ್ಟವರು, ಕೊನೆಯ ಪ್ರತಿ ಓದಿ ಒಪ್ಪಿದವರು, ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳಬಲ್ಲವರು: ಈ ನಾಲ್ಕೂ ಕೂಡಿದವರು ಲೇಖಕರು. ಗೌರವಕ್ಕಾಗಿ ಹೆಸರು ಸೇರಿಸಬೇಡಿ. ಗೌರವ ತೋರಿಸಲು ಕೃತಜ್ಞತೆಯ ಪುಟ ಇದೆ. ಗೈಡ್ ಮನೆಯ ಕೆಲಸ, ಗೈಡ್ ಮಕ್ಕಳ ಅಡ್ಮಿಶನ್ ಓಡಾಟ ಸ್ಕಾಲರ್ ಪಾಲಿಗೆ ಬರಬಾರದು. ಇದನ್ನು ಬಾಯಿಬಿಟ್ಟು ಹೇಳುವುದು ಸಂಶೋಧನಾ ಘಟಕದ ಕೆಲಸವೇ. ಸ್ಕಾಲರ್ ಬಾಯಿಂದ ಆ ಮಾತು ಬರುವುದು ಕಷ್ಟ, ಅಲ್ವಾ?

ನೋಟ್‌ಬುಕ್

ಇದಕ್ಕೆ ತಗಲುವ ಖರ್ಚು ನೂರು ರೂಪಾಯಿ. ಇದರಷ್ಟು ಫಲ ಕೊಡುವ ಇನ್ನೊಂದು ವಸ್ತುವನ್ನು ನಾನು ಕಂಡಿಲ್ಲ.

ಗಟ್ಟಿ ರಟ್ಟಿನ, ಹೊಲಿದ ಪುಸ್ತಕ ಕೊಡಿ. ಸ್ಪೈರಲ್ ಬೇಡ, ಹಾಳೆ ಹರಿದರೆ ಗೊತ್ತಾಗುವುದಿಲ್ಲ. ಮೊದಲ ದಿನವೇ ಎಲ್ಲ ಪುಟಕ್ಕೂ ನಂಬರ್ ಹಾಕಿಸಿ. ಬರೆಯುವುದು ಪೆನ್ನಿನಲ್ಲಿ, ಪೆನ್ಸಿಲ್‌ನಲ್ಲಿ ಅಲ್ಲ. ತಪ್ಪಾದರೆ ವೈಟ್ನರ್ ಬಳಿಯುವಂತಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಣ್ಣ ಸಹಿ ಮತ್ತು ತಾರೀಖು ಹಾಕಬೇಕು. ಕೆಳಗಿನ ತಪ್ಪು ಅಂಕಿಯೂ ಓದಲು ಬರಬೇಕು. ಪ್ರಯೋಗ ಕೆಟ್ಟ ದಿನವೂ ಬರೆಯಬೇಕು: 'ಮಧ್ಯಾಹ್ನ ಎರಡಕ್ಕೆ ಕರೆಂಟ್ ಹೋಯಿತು, ಇನ್‌ಕ್ಯುಬೇಟರ್ ನಿಂತಿತು, ಈ ಪ್ಲೇಟ್‌ಗಳನ್ನು ಲೆಕ್ಕಕ್ಕೆ ತಗೊಂಡಿಲ್ಲ.' ಈ ಒಂದು ಸಾಲು ಇದ್ದರೆ ಆರು ಪ್ಲೇಟ್ ಬಿಟ್ಟಿದ್ದು ಪ್ರಾಮಾಣಿಕ ಕೆಲಸ. ಇಲ್ಲದಿದ್ದರೆ, ಬೇಡವಾದ ಅಂಕಿ ಬಿಟ್ಟು ಬೇಕಾದದ್ದನ್ನು ಆರಿಸಿಕೊಂಡಂತೆ.

ವಾರಕ್ಕೊಮ್ಮೆ ಗೈಡ್ ಓದಿ ಸಹಿ ಹಾಕಲಿ. ಸಮಾಜಶಾಸ್ತ್ರದವರಿಗೆ, ಜಾನಪದದವರಿಗೆ ಕ್ಷೇತ್ರಕಾರ್ಯದ ಡೈರಿಯೇ ನೋಟ್‌ಬುಕ್. ಸ್ಕಾಲರ್ ಹೋಗುವಾಗ ಪುಸ್ತಕದ ಮೂಲಪ್ರತಿ ವಿಭಾಗದಲ್ಲೇ ಉಳಿಯಬೇಕು, ಅವರು ನಕಲು ತೆಗೆದುಕೊಂಡು ಹೋಗಲಿ. ಕಂಪ್ಯೂಟರ್‌ನಲ್ಲಿರುವ ದತ್ತಾಂಶ ಎರಡು ಕಡೆ ಇರಬೇಕು. ಒಂದೇ ಪೆನ್‌ಡ್ರೈವ್ ನಂಬಿ ಮೂರು ವರ್ಷದ ಕೆಲಸ ಕಳೆದುಕೊಂಡ ಹುಡುಗನ ಕಣ್ಣೀರು ನಾನು ಮರೆತಿಲ್ಲ.

ಜನರ ಮೇಲೆ ಅಧ್ಯಯನ ಮಾಡುವಾಗ

ಆರೋಗ್ಯ ಸಂಬಂಧಿ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಗಳಿವೆ. ನೈತಿಕ ಸಮಿತಿಯಲ್ಲಿ 7ರಿಂದ 15 ಜನ ಇರಬೇಕು. ಅಧ್ಯಕ್ಷರು ಹೊರಗಿನವರು, ಸದಸ್ಯ ಕಾರ್ಯದರ್ಶಿ ಒಳಗಿನವರು. ಅರ್ಧದಷ್ಟು ಸದಸ್ಯರಾದರೂ ಸಂಸ್ಥೆಯ ಹೊರಗಿನವರಾಗಿರಬೇಕು. ಕಾನೂನು ತಿಳಿದವರೊಬ್ಬರು, ಸಮಾಜವಿಜ್ಞಾನದವರೊಬ್ಬರು, ಜನಸಾಮಾನ್ಯರ ಕಡೆಯಿಂದ ಒಬ್ಬರು ಬೇಕು. ಕನಿಷ್ಠ 5 ಜನ ಕೂಡಿದರೆ ಮಾತ್ರ ಸಭೆ. ಸಮಾಜಶಾಸ್ತ್ರ, ಶಿಕ್ಷಣ, ಮನಃಶಾಸ್ತ್ರದ ಸಮೀಕ್ಷೆಗಳಿಗೂ ಇದೇ ಮಾದರಿಯ ಸಮಿತಿ ಇಟ್ಟುಕೊಳ್ಳಿ. ಜನಸಾಮಾನ್ಯರ ಸ್ಥಾನಕ್ಕೆ ನಿವೃತ್ತ ಅಧಿಕಾರಿ ಬೇಡ. ಆಶಾ ಕಾರ್ಯಕರ್ತೆಯನ್ನೋ, ಸ್ತ್ರೀಶಕ್ತಿ ಸಂಘದವರನ್ನೋ ಕರೆಯಿರಿ. ಅವರು ಕೇಳುವ ಪ್ರಶ್ನೆ ನಮಗ್ಯಾರಿಗೂ ಹೊಳೆಯುವುದಿಲ್ಲ.

ಇನ್ನು ಒಪ್ಪಿಗೆ ಪತ್ರ. ಇಲ್ಲಿ ಸ್ವಲ್ಪ ನಿಲ್ಲೋಣ.

ಮನೆಯಲ್ಲೇ ಕೂತು ಅಗರಬತ್ತಿ ಹೊಸೆಯುವ ಹೆಂಗಸರ ಕೆಲಸ, ಕೂಲಿ, ಆರೋಗ್ಯದ ಬಗ್ಗೆ ನಮ್ಮ ಒಬ್ಬ ಸ್ಕಾಲರ್ ಅಧ್ಯಯನ ಮಾಡುತ್ತಿದ್ದಳು. ಅವಳ ಒಪ್ಪಿಗೆ ಪತ್ರ ಹೀಗಿತ್ತು: 'ಸದರಿ ಅಧ್ಯಯನದಲ್ಲಿ ಸ್ವಇಚ್ಛೆಯಿಂದ ಭಾಗವಹಿಸಲು ಸಮ್ಮತಿಸಿ, ಗೌಪ್ಯತೆಯ ಷರತ್ತುಗಳನ್ನು ಅರ್ಥೈಸಿಕೊಂಡಿರುತ್ತೇನೆ.' ಮೊದಲ ಮನೆಯಲ್ಲೇ ಅಮ್ಮ ಒಬ್ಬರು ಕಾಗದ ಹಿಡಿದು ಕೇಳಿದರಂತೆ, 'ಇದಕ್ಕೆ ಹೆಬ್ಬೆಟ್ಟು ಒತ್ತಿದ್ರೆ ರೇಷನ್ ಕಾರ್ಡ್ ಕಟ್ ಆಗುತ್ತಾ ಮೇಡಂ?' ಅವಳು ವಾಪಸ್ ಬಂದು ಇಡೀ ಪತ್ರ ಬದಲಾಯಿಸಿದಳು:

'ಅಮ್ಮಾ, ನಾನು ಯೂನಿವರ್ಸಿಟಿಯಿಂದ ಬಂದಿದ್ದೀನಿ, ಸರ್ಕಾರಿ ಆಫೀಸಿನವಳಲ್ಲ. ನಿಮ್ಮ ಕೆಲಸ, ಕೂಲಿ, ಮೈಕೈ ನೋವಿನ ಬಗ್ಗೆ ಅರ್ಧ ಗಂಟೆ ಕೇಳ್ತೀನಿ. ಇಷ್ಟ ಇಲ್ಲದ ಪ್ರಶ್ನೆಗೆ ಉತ್ತರ ಬೇಡ. ಮಧ್ಯದಲ್ಲಿ ಸಾಕು ಅಂದ್ರೆ ಎದ್ದು ಹೋಗ್ತೀನಿ. ನಿಮ್ಮ ಹೆಸರು ಯಾರಿಗೂ ಹೇಳಲ್ಲ. ಇದರಿಂದ ರೇಷನ್ ಕಾರ್ಡ್‌ಗೂ ಪೆನ್ಷನ್‌ಗೂ ಏನೂ ಆಗಲ್ಲ. ಹೊಸದಾಗಿ ದುಡ್ಡೋ ಸೌಲಭ್ಯವೋ ಸಿಗೋದೂ ಇಲ್ಲ.'

ಕೊನೆಯ ಸಾಲು ತುಂಬಾ ಮುಖ್ಯ. ಸರ್ವೆಗೆ ಬಂದವರು ಏನೋ ಕೊಡಿಸುತ್ತಾರೆ ಅನ್ನುವ ಆಸೆಯಿಂದ ಜನ ಉತ್ತರ ಕೊಡುತ್ತಾರೆ. ಆ ಆಸೆ ಮೇಲೆ ದತ್ತಾಂಶ ಕಲೆಹಾಕುವುದು ತಪ್ಪು. ಓದಲು ಬಾರದವರಿಗೆ ಪತ್ರ ಓದಿ ಹೇಳಬೇಕು. ನಮ್ಮ ತಂಡಕ್ಕೆ ಸೇರದ ಒಬ್ಬರು ಸಾಕ್ಷಿಯಾಗಿರಬೇಕು, ಆಮೇಲೆ ಹೆಬ್ಬೆಟ್ಟು. ಮಕ್ಕಳಾದರೆ ತಂದೆತಾಯಿ ಒಪ್ಪಿದರಷ್ಟೇ ಸಾಲದು. 7 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಪ್ರಶ್ನಾವಳಿಯ ಮೇಲೆ ಹೆಸರಿನ ಬದಲು ಸಂಖ್ಯೆ ಹಾಕಿ. ಹೆಸರು ಮತ್ತು ಸಂಖ್ಯೆ ಜೋಡಿಸುವ ಪಟ್ಟಿ ಬೇರೆ ಬೀರುವಿನಲ್ಲಿ, ಬೀಗದೊಳಗೆ ಇರಲಿ. ಸಂದರ್ಶನದ ಧ್ವನಿಮುದ್ರಣವನ್ನು ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಯಾವ ಎಐ ಆ್ಯಪ್‌ಗೂ ಹಾಕಬೇಡಿ.

ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಬೇರೆ ಸಮಿತಿ ಬೇಕು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅದಕ್ಕೆ ನೋಂದಣಿಯೂ ಬೇಕು. ಅನುಮತಿ ಬರುವ ಮೊದಲು ಒಂದು ಇಲಿಯನ್ನೂ ಮುಟ್ಟುವಂತಿಲ್ಲ. ಪ್ರಯೋಗ ಮುಗಿಸಿ ಆಮೇಲೆ ಅನುಮತಿ ಕೇಳಿ ಬಂದವರಿಗೆ ಸಮಿತಿ ಇಲ್ಲ ಅನ್ನಲೇಬೇಕು.

ಪರ್ಸೆಂಟ್ ಹೇಳದ ವಿಷಯಗಳು

ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಗಳನ್ನು ಎಲ್ಲ ಸ್ಕಾಲರ್‌ಗಳೂ ಓದಬೇಕು. ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. 10ರಿಂದ 40 ಇದ್ದರೆ ಗರಿಷ್ಠ 6 ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಅಧ್ಯಾಪಕರ ಪ್ರಕಟಣೆಗಳಿಗೂ ಶಿಕ್ಷೆ ಇದೆ. ಶೇ 60 ದಾಟಿದರೆ ಎರಡು ವಾರ್ಷಿಕ ವೇತನ ಬಡ್ತಿ ಹೋಗುತ್ತದೆ, ಮೂರು ವರ್ಷ ಹೊಸ ಸ್ಕಾಲರ್ ತೆಗೆದುಕೊಳ್ಳುವಂತಿಲ್ಲ.

ಇದರಿಂದ 'ಹತ್ತರ ಒಳಗೆ ತಂದರೆ ಸಾಕು' ಅನ್ನುವ ಮಾತು ಹುಟ್ಟಿಕೊಂಡಿದೆ. ಜೆರಾಕ್ಸ್ ಅಂಗಡಿಗಳಲ್ಲಿ ಪರ್ಸೆಂಟ್ ಇಳಿಸಿಕೊಡುವವರೂ ಇದ್ದಾರೆ. ಪದ ಬದಲಿಸಿದರೆ ಕದ್ದದ್ದು ಸ್ವಂತದ್ದಾಗುವುದಿಲ್ಲ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ: ಸಾರಾಂಶ, ಊಹೆ, ವೀಕ್ಷಣೆ, ಫಲಿತಾಂಶ, ತೀರ್ಮಾನಗಳಲ್ಲಿ ಹೋಲಿಕೆಯೇ ಇರಬಾರದು. ಹಾಗಾಗಿ ಪರ್ಸೆಂಟ್ ನೋಡಿ ಸಹಿ ಹಾಕಬೇಡಿ, ಪೂರ್ತಿ ವರದಿ ತೆರೆದು ಹೋಲಿಕೆಯ ಬಣ್ಣ ಎಲ್ಲೆಲ್ಲಿ ಬಿದ್ದಿದೆ ನೋಡಿ. ಪರಾಮರ್ಶನ ಪಟ್ಟಿಯಲ್ಲಿ ಬಿದ್ದ ಬಣ್ಣ ಬೇರೆ, ಫಲಿತಾಂಶದ ಅಧ್ಯಾಯದಲ್ಲಿ ಬಿದ್ದ ಬಣ್ಣ ಬೇರೆ.

ಕನ್ನಡ ಥೀಸಿಸ್‌ಗಳದ್ದು ಬೇರೆಯೇ ಕಥೆ. ಇನ್ನೂ ಎಷ್ಟೋ ಥೀಸಿಸ್‌ಗಳು ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಆಗುತ್ತವೆ. ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ಸಾಫ್ಟ್‌ವೇರ್ ಅದನ್ನು ಕನ್ನಡ ಅಂತ ಓದಲಾರದು. 'ಶೇ 1' ಅಂತ ಬಂದರೆ ಖುಷಿಪಡುವ ಹಾಗಿಲ್ಲ. ಥೀಸಿಸ್ ಯೂನಿಕೋಡ್‌ನಲ್ಲೇ ಇರಬೇಕು ಅಂತ ನಿಯಮ ಮಾಡಿ. ಇಂಗ್ಲಿಷ್ ಪುಸ್ತಕದ ಅಧ್ಯಾಯವನ್ನು ಕನ್ನಡಕ್ಕೆ ತಂದು ತನ್ನದೆಂದು ಕೊಟ್ಟರೆ ಅದನ್ನು ಹಿಡಿಯುವುದು ವಿಷಯ ಬಲ್ಲ ಓದುಗ ಮಾತ್ರ. ಹಾಗಾಗಿ ಓದುವ ಗೈಡ್, ಓದುವ ಪರೀಕ್ಷಕರು ಬೇಕು.

ಸಂಶೋಧನೆ ಮತ್ತು ಪ್ರಕಟಣಾ ನೈತಿಕತೆ ಅನ್ನುವ 2 ಕ್ರೆಡಿಟ್, 30 ಗಂಟೆಗಳ ಕೋರ್ಸನ್ನು ಯುಜಿಸಿ 2019ರಲ್ಲೇ ಕಡ್ಡಾಯ ಮಾಡಿದೆ. ಇದನ್ನು ಎರಡು ಶನಿವಾರದಲ್ಲಿ ಸ್ಲೈಡ್ ತೋರಿಸಿ ಮುಗಿಸಬೇಡಿ. ತಪ್ಪಿಗಾಗಿ ಜರ್ನಲ್ ಹಿಂಪಡೆದ ಒಂದು ಲೇಖನ ಕೊಟ್ಟು ತಪ್ಪು ಹುಡುಕಿ ಅನ್ನಿ. ದಕ್ಷಿಣ ಕೊರಿಯಾದ ಹ್ವಾಂಗ್ ವೂ ಸುಕ್ ಪ್ರಕರಣ ಚರ್ಚೆಗೆ ಇಡಿ. ಸ್ಟೆಮ್ ಸೆಲ್ ಫಲಿತಾಂಶಗಳೇ ಸುಳ್ಳು ಅಂತ ಬಯಲಾದದ್ದು ಒಂದು. ಅದರ ಜೊತೆ, ಅವರ ಲ್ಯಾಬಿನಲ್ಲೇ ಕೆಲಸ ಮಾಡುತ್ತಿದ್ದ ಕಿರಿಯ ಹೆಣ್ಣುಮಕ್ಕಳಿಂದ ಅಂಡಾಣು ಪಡೆದಿದ್ದರು. ಮೇಲಿನವರು ಕೇಳಿದಾಗ ಕಿರಿಯರು ಇಲ್ಲ ಅನ್ನಬಲ್ಲರೇ? ತರಗತಿಯಲ್ಲಿ ಈ ಪ್ರಶ್ನೆ ಎತ್ತಿದರೆ ಮಾತು ತಾನಾಗಿ ಗೈಡ್‌ಗಳ ಕಡೆ ತಿರುಗುತ್ತದೆ. ತಿರುಗಲಿ.

ಎಲ್ಲಿ ಪ್ರಕಟಿಸಬೇಕು?

ಥೀಸಿಸ್ ಸಲ್ಲಿಸುವ ಮುನ್ನ ಪೇಪರ್ ಕಡ್ಡಾಯ ಅನ್ನುವುದನ್ನು ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿದೆ. ಒಪ್ಪಿತ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿಯೂ 2025ರ ಫೆಬ್ರವರಿಯಲ್ಲಿ ನಿಂತಿತು. ಅಂದರೆ ಒಳ್ಳೆಯ ಜರ್ನಲ್ ಯಾವುದು ಅಂತ ನಿರ್ಧರಿಸುವ ಹೊಣೆ ಈಗ ನಮ್ಮದೇ. ಎರಡು ದಿನದಲ್ಲಿ ಒಪ್ಪಿಗೆ, ಫೋನ್‌ಪೇ ಮಾಡಿದ ಕೂಡಲೇ ಸರ್ಟಿಫಿಕೇಟ್ ಕೊಡುವ ಕಡೆ ಹೋಗಬೇಡಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಒಬ್ಬರಿಗೆ ಮೇಲ್ ಮಾಡಿ, ನಿಜವಾಗಲೂ ಇದ್ದೀರಾ ಅಂತ ಕೇಳಿ. ಹಿಂದಿನ ಎರಡು ಸಂಚಿಕೆ ಓದಿ.

ದುಡ್ಡು

ಹೊಸ ಅಧ್ಯಾಪಕರಿಗೆ ಐವತ್ತು ಸಾವಿರದ ಸೀಡ್ ಮನಿ (ಕೆಲಸ ಶುರುಮಾಡುವ ಹಣ) ಬೇಗ ಕೊಡುವುದು, ಐದು ಲಕ್ಷವನ್ನು ಎರಡು ವರ್ಷ ತಡೆದು ಕೊಡುವುದಕ್ಕಿಂತ ಮೇಲು. ಎರಡು ಪುಟದ ಅರ್ಜಿ, ಒಂದು ತಿಂಗಳಲ್ಲಿ ತೀರ್ಮಾನ. ಹಣಕಾಸು ಅಧಿಕಾರಿಯನ್ನು ಮೊದಲ ಸಭೆಗೇ ಕರೆಯಿರಿ, ಕೊಟೇಶನ್ ಮತ್ತು ಸರ್ಕಾರಿ ಖರೀದಿಯ ಕೆಟಿಪಿಪಿ ನಿಯಮದ ತೊಡಕು ಅಲ್ಲೇ ಬಗೆಹರಿಯುತ್ತದೆ.

ಹೊರಗಿನ ಹಣಕ್ಕೆ ಹಾದಿಗಳಿವೆ. ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ನೆರವು ಕೊಡುತ್ತಿದೆ. ವಿಜ್ಞಾನ ಸಂಶೋಧನೆಗೆ ಹಣ ಕೊಡುವ ರಾಜ್ಯದ ವಿಜಿಎಸ್‌ಟಿ ಇದೆ. ಕೇಂದ್ರದಲ್ಲಿ ಹಿಂದಿನ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ (ಎಸ್‌ಇಆರ್‌ಬಿ) ಜಾಗಕ್ಕೆ 2023ರ ಕಾಯ್ದೆಯಡಿ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ಸಮಾಜವಿಜ್ಞಾನಕ್ಕೆ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ (ಐಸಿಎಸ್‌ಎಸ್‌ಆರ್). ಎಲ್ಲ ಕಡೆಯೂ ಹಣ ಬಳಕೆ ಪ್ರಮಾಣಪತ್ರ, ಅಂದರೆ ಯುಸಿ, ಸಮಯಕ್ಕೆ ಹೋಗಬೇಕು. ಇದನ್ನು ನೋಡಿಕೊಳ್ಳಲು ಒಬ್ಬ ಗುಮಾಸ್ತರನ್ನು ಘಟಕಕ್ಕೆ ಕೇಳಿ ಪಡೆಯಿರಿ.

ಹೊಸ ಐಡಿಯಾ ಬಂದಾಗ ಬಾಯಿಬಿಡುವ ಮೊದಲು

ಸೆಮಿನಾರ್‌ನಲ್ಲಿ ಹೇಳಿ, ಪೇಪರ್‌ನಲ್ಲಿ ಹಾಕಿ, ಆಮೇಲೆ ಪೇಟೆಂಟ್‌ಗೆ ಬರುವವರು ಜಾಸ್ತಿ. ಅಷ್ಟು ಹೊತ್ತಿಗೆ ಅದು ಹೊಸದಾಗಿ ಉಳಿದಿರುವುದಿಲ್ಲ. ಮೊದಲು ತಾತ್ಕಾಲಿಕ ಅರ್ಜಿ ಹಾಕಿ, ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ನಮ್ಮ ರಾಜ್ಯದ ಅರ್ಜಿಗಳು ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ, ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕ ಶೇ 80 ಕಡಿಮೆಯಾಗಿದೆ.

ಒಂದು ವಿಷಯ ಎಲ್ಲರಿಗೂ ತಿಳಿಸಿ. ಅರ್ಜಿ ಪೇಟೆಂಟ್ ಜರ್ನಲ್‌ನಲ್ಲಿ 'ಪ್ರಕಟ' ಆಯಿತು ಅಂದರೆ ಪೇಟೆಂಟ್ ಸಿಕ್ಕಿತು ಅಂತಲ್ಲ. ಪರೀಕ್ಷೆ ನಡೆದು ಮಂಜೂರಾದರೆ ಮಾತ್ರ ಅದು ಪೇಟೆಂಟ್, ಅರ್ಜಿ ಹಾಕಿದ ದಿನದಿಂದ 20 ವರ್ಷ. ವಾರ್ಷಿಕ ವರದಿಯಲ್ಲಿ ಇವೆರಡನ್ನೂ ಬೇರೆ ಬೇರೆ ಕಾಲಂನಲ್ಲಿ ತೋರಿಸಿ.

ನಾಟಿ ವೈದ್ಯರಿಂದ ಕೇಳಿ ತಿಳಿದ ಸೊಪ್ಪಿನ ಗುಣ ನಿಮ್ಮ ಆವಿಷ್ಕಾರ ಅಲ್ಲ. ಪಾರಂಪರಿಕ ಜ್ಞಾನಕ್ಕೆ ನಮ್ಮ ಕಾಯ್ದೆ ಪೇಟೆಂಟ್ ಕೊಡುವುದಿಲ್ಲ. ಇಲ್ಲಿನ ಗಿಡ, ಸೂಕ್ಷ್ಮಜೀವಿ ಬಳಸಿ ಮಾಡಿದ ಶೋಧಕ್ಕೆ ಪೇಟೆಂಟ್ ಪಡೆಯುವಾಗ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕ್ರಿಯೆಗಳೂ ಇವೆ. ಕಾಯ್ದೆ ಏನೇ ಹೇಳಲಿ, ಹೇಳಿಕೊಟ್ಟವರನ್ನು ನೆನೆದು, ಅವರ ಒಪ್ಪಿಗೆ ಪಡೆದು ಮುಂದೆ ಹೋಗಿ.

ತಪ್ಪು ನಡೆದಾಗ

ದೂರು ಮೊದಲು ವಿಭಾಗದ ಶೈಕ್ಷಣಿಕ ಪ್ರಾಮಾಣಿಕತಾ ಸಮಿತಿಗೆ ಹೋಗುತ್ತದೆ. ಅದು 45 ದಿನದಲ್ಲಿ ಸಂಸ್ಥೆಯ ಸಮಿತಿಗೆ ವರದಿ ಕೊಡಬೇಕು. ದೂರು ಕೊಟ್ಟ ಸ್ಕಾಲರ್ ಅದೇ ವಿಭಾಗದಲ್ಲಿ ವೈವಾ ಕೊಡಬೇಕಾದವರು ಅನ್ನುವುದು ನೆನಪಿರಲಿ. ಅವರ ಹೆಸರು ಗುಟ್ಟಾಗಿರಲಿ, ಬೇಕಾದರೆ ಗೈಡ್ ಬದಲಿಸಿ. ಆರೋಪ ಹೊತ್ತವರಿಗೂ ಉತ್ತರ ಹೇಳುವ ಅವಕಾಶ ಪೂರ್ತಿ ಸಿಗಬೇಕು. ತನ್ನ ಲೇಖನದಲ್ಲಿ ತಪ್ಪು ಕಂಡು ತಾನೇ ಜರ್ನಲ್‌ಗೆ ಬರೆದು ತಿದ್ದಿಸಿದವರನ್ನು ಕಳ್ಳರ ಸಾಲಿಗೆ ಸೇರಿಸಬೇಡಿ, ಅವರ ಬೆನ್ನು ತಟ್ಟಿ.

ಫಲಿತಾಂಶವನ್ನು ವಾಪಸ್ ತಗೊಂಡು ಹೋಗಿ

ಥೀಸಿಸ್ ಸಲ್ಲಿಸುವ ಮೊದಲೇ ಎರಡು ಪುಟದ ಕನ್ನಡ ಸಾರ ಬರೆಸಿ, ಮಾಹಿತಿ ಕೊಟ್ಟವರಿಗೆ ತಲುಪಿಸಿ. ಎಲ್ಲಿ ಓದಬೇಕು ಅಂತ ಅವರನ್ನೇ ಕೇಳಿ. ನಮ್ಮ ಸ್ಕಾಲರ್ ಅಗರಬತ್ತಿ ಕಟ್ಟು ಒಪ್ಪಿಸುವ ಜಾಗದಲ್ಲೇ ಓದಿದರೆ ಎಲ್ಲರೂ ಸಿಗುತ್ತಾರೆ ಅಂದುಕೊಂಡಿದ್ದಳು. ಹೆಂಗಸರು ಬೇಡ ಅಂದರು. ಅಲ್ಲಿ ಏಜೆಂಟ್ ಇರುತ್ತಾನೆ, ಕೂಲಿ ಮಾತು ಅವನ ಎದುರಿಗೆ ಬೇಡ, ಶನಿವಾರ ಸಂಘದ ಮೀಟಿಂಗ್‌ಗೆ ಬಾ ಅಂದರು. ಅವಳು ಹೋಗಿ ಎರಡೂ ಪುಟ ಗಟ್ಟಿಯಾಗಿ ಓದಿದಳು. ಕೂಲಿಯ ಕೋಷ್ಟಕಕ್ಕೆ ಬಂದಾಗ ಹಿಂದೆ ಕೂತಿದ್ದ ಒಬ್ಬರು ತಡೆದರು. 'ನೀನು ಬರೆದಿರೋದು ಕೈಗೆ ಬರೋ ಕೂಲಿ ಅಲ್ಲಮ್ಮ, ಒಡೆದ ಕಡ್ಡಿಗೆ ಹಿಡ್ಕೊಳ್ಳೋದನ್ನ ಕಳೆದಿಲ್ಲ.' ಉಳಿದವರೂ ಹೌದು ಅಂದರು. ಅವಳು ಅಲ್ಲೇ ನೆಲದ ಮೇಲೆ ಕೂತು, ಡೈರಿ ತೆರೆದು, ಹಳೆಯ ಅಂಕಿಯ ಮೇಲೆ ಒಂದೇ ಗೆರೆ ಎಳೆದು, ತಾರೀಖು ಹಾಕಿ ಬರೆದುಕೊಂಡಳು. ಆ ಕೋಷ್ಟಕವನ್ನು ಮತ್ತೆ ಲೆಕ್ಕ ಹಾಕಲು ಮೂರು ವಾರ ಹಿಡಿಯಿತು. ಥೀಸಿಸ್ ಹೋದದ್ದು ಆಮೇಲೆಯೇ.